ತಲೆಯ ಸ್ಕ್ಯಾನ್ ಮತ್ತು ಬಿಜೂರಿನ ಮನೆಗಳು

ನನಗೆ ಹುಚ್ಚು ಹಿಡಿದಿರಲಿಲ್ಲ. ಮರೆವೂ ಬಂದಿರಲಿಲ್ಲ. ತಲೆಯೊಳಗೆ ಒಂದು ಸಣ್ಣ ರಕ್ತನಾಳ ಕಟ್ಟಿತು. ಅದನ್ನೇ ನೆಪ ಮಾಡಿಕೊಂಡು ಮನೆಯವರು ನನ್ನ ಮಾತನ್ನು ಕಸಕ್ಕೆ ಹಾಕಿದರು. ನಡೆದದ್ದು ಇಷ್ಟೇ.

ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿದ ಹೊಸತು. ಉಪ್ಪುಂದದ ನಮ್ಮ ಮನೆಯ ಹಿಂದೆ ಕೂತು ಬಂಗುಡೆ ಕೊಯ್ಯುತ್ತಿದ್ದೆ. ಕತ್ತಿ ಜಾರಿತು. ಹೆಕ್ಕಲು ಹೋದರೆ ಕೈ ಮಾತು ಕೇಳಲಿಲ್ಲ. ಮಗಳು ಲಲಿತಳನ್ನು ಕರೆದೆ. ಬಾಯಿಂದ ಬಂದದ್ದು ಅವಳ ಹೆಸರಲ್ಲ.

ಬರೀ ಗಾಳಿ.

ಆಸ್ಪತ್ರೆಯಲ್ಲಿ ಸ್ಟ್ರೋಕ್ ಅಂದರು. ಸ್ಕ್ಯಾನ್, ಐಸಿಯು, ಡ್ರಿಪ್ ಎಲ್ಲ ಆಯಿತು. ಸಣ್ಣದರಲ್ಲಿ ಹೋಯಿತು ಎಂದು ಡಾಕ್ಟರು ಲಲಿತಳಿಗೆ ಹೇಳಿದರು. ನನಗೆ ಹೇಳಲಿಲ್ಲ. ಮಂಚದ ಮೇಲೆ ಇದ್ದವಳು ನಾನು, ಮಾತು ಮಾತ್ರ ನನ್ನ ಮೇಲಿಂದ ಆಚೆ ಈಚೆ ಹೋಗುತ್ತಿತ್ತು.

ಬಾಯಿ ಸರಿಯಾಯಿತು. ಕೈಯೂ ಬಂತು. ಆದರೆ ಮನೆಗೆ ಬಂದ ಮೇಲೆ ನನಗೆ ಸಿಟ್ಟು ಮೊದಲಿನಷ್ಟು ಬೇಗ ಬರುತ್ತಿರಲಿಲ್ಲ. ಕಾಣಲು ಬಂದವರೊಡನೆ ಮೆತ್ತಗೆ ಮಾತಾಡಿದೆ. ಅಳಿಯನಿಗೆ ಊಟ ಆಯಿತೇ ಎಂದು ಕೇಳಿದೆ. ಅವನು ಹೆದರಿ ಲಲಿತಳನ್ನು ಕರೆದ. ಇಡೀ ಜೀವಮಾನ ನಾನು ಊರವರಿಗೆಲ್ಲ ಬೈದೆ, ಆಗ ಯಾರೂ ತಲೆ ಸ್ಕ್ಯಾನ್ ಮಾಡಿಸಲಿಲ್ಲ. ಎರಡು ಒಳ್ಳೆಯ ಮಾತು ಆಡಿದ್ದೇ ತಡ, ರೋಗ ಹೆಚ್ಚಾಯಿತು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು.

ಅವರ ಕೈಗೆ ಕೋಲು ಕೊಟ್ಟದ್ದೂ ನಾನೇ. ಒಂದು ದಿನ ಚಂದ ನಗುವ ಒಬ್ಬ ಬಂದ. ಅಮ್ಮ, ನಿಮ್ಮ ಬೆಂಡೋಲೆ ಕಪ್ಪಾಗಿದೆ, ತೊಳೆದು ಹೊಳಪು ಮಾಡಿ ಕೊಡುತ್ತೇನೆ ಅಂದ. ಕಿವಿಯಿಂದ ಬಿಚ್ಚಿ ಕೊಟ್ಟೆ. ಬಿಸಿನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವನೂ ಇಲ್ಲ, ಬೆಂಡೋಲೆಯೂ ಇಲ್ಲ. ಮೊದಲಾದರೆ ಅಂಥವನು ಗೇಟು ತೆಗೆಯುವ ಮೊದಲೇ ಅವನ ಜನ್ಮ ಜಾಲಾಡಿ ಓಡಿಸುತ್ತಿದ್ದೆ.

ಮತ್ತೆ ಆಸ್ಪತ್ರೆ. ಈ ಸಲ ನ್ಯೂರೋ ಡಾಕ್ಟರು. ಮೆದುಳಿನ ಮುಂದಿನ ಭಾಗಕ್ಕೆ ಪೆಟ್ಟಾಗಿದೆ, ವಯಸ್ಸಿಗೆ ಅದು ಸ್ವಲ್ಪ ಸವೆದೂ ಇದೆ ಅಂದರು. ನೆನಪು ಗಟ್ಟಿ ಇದ್ದರೂ ಯಾರನ್ನು ನಂಬಬೇಕು, ಯಾರನ್ನು ದೂರ ಇಡಬೇಕು ಎಂಬ ಅಂದಾಜು ಕೆಲವರಿಗೆ ತಪ್ಪುತ್ತದಂತೆ. ನಗುವ ಮುಖ ಕಂಡರೆ ಒಳಗಿನ ಎಚ್ಚರಿಕೆ ಏಳುವುದಿಲ್ಲವಂತೆ. ದೊಡ್ಡ ತೀರ್ಮಾನ ಮಾಡುವಾಗ ಮನೆಯವರನ್ನು ಕೇಳಿ ಅಂದರು. ಲಲಿತ ಆ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದಳು.

ಈಗ ಗುಲಾಬಿಯ ಸಂಗತಿ.

ತಲೆಹೊರೆಯಲ್ಲಿ ಮೀನು ಮಾರುವ ನಮಗೆ ಒಬ್ಬೊಬ್ಬರಿಗೆ ಮೀನು ಕೊಡುವ ಇಷ್ಟಿಷ್ಟು ಮನೆಗಳು ಎಂದು ಇರುತ್ತವೆ. ಒಬ್ಬಳ ಮನೆಗೆ ಇನ್ನೊಬ್ಬಳು ಬುಟ್ಟಿ ಇಳಿಸುವಂತಿಲ್ಲ. ಬಿಜೂರಿನ ಮನೆಗಳು ನನ್ನವು, ನನಗಿಂತ ಮೊದಲು ನನ್ನ ತಾಯಿಯವು. ನಾನು ಲಲಿತಳನ್ನು ಹೆತ್ತು ಬಾಣಂತನದಲ್ಲಿ ಮಲಗಿದ್ದಾಗ ಆ ಮನೆಗಳಿಗೆ ನುಗ್ಗಿ ಮೀನು ಕೊಟ್ಟವಳು ಗುಲಾಬಿ. ಆಮೇಲೆ ನಮ್ಮಿಬ್ಬರ ನಡುವೆ ಬೈಗುಳ ಬಿಟ್ಟರೆ ಬೇರೆ ಮಾತಿಲ್ಲ.

ಆ ಗುಲಾಬಿ ನನ್ನನ್ನು ನೋಡಲು ಬಂದಳು. ಜಗಲಿ ಹತ್ತಲಿಲ್ಲ. ಅಂಗಳದಲ್ಲೇ ನಿಂತಳು.

"ಹ್ವಾಯ್, ಇನ್ನೂ ಹೋಯ್ಲಿಲ್ಯಾ ನೀನ್?"

"ನಿನ್ನ ಕಳ್ಸಿಯೇ ನಾನ್ ಹೋಪ್ದ್."

"ಹಾಂಗಾರೆ ಬಾಯಿ ಸಮ ಆಯ್ತ್. ಊರಿನ್ ಕರ್ಮ."

ಅವಳ ಹಿಂದೆ ಸೊಸೆ ಸುಮಿತ್ರ, ತಲೆಯ ಮೇಲೆ ಬುಟ್ಟಿ. ಸುಮಿತ್ರಳ ಗಂಡ ಬೋಟಿನಲ್ಲಿ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾನೆ. ಇವಳಿಗೆ ತನ್ನದು ಎನ್ನುವ ಮನೆಗಳಿಲ್ಲ, ಹೆದ್ದಾರಿ ಬದಿಯಲ್ಲಿ ಕೂರುತ್ತಾಳೆ. ಎಂತ ಮೀನು, ನನಗೂ ಸ್ವಲ್ಪ ಕೊಡು ಅಂದೆ.

"ನಿಮ್ಗ್ ಬೇಡ ಅಮ್ಮ. ನಿನ್ನೆದ್ ಇದ್."

ನಗಲಿಲ್ಲ, ಬಣ್ಣ ಹಚ್ಚಲಿಲ್ಲ. ಬುಟ್ಟಿಯಲ್ಲಿ ಇರುವುದು ನಿನ್ನೆಯ ಮೀನು ಎಂದು ತಾನಾಗಿ ಬಾಯಿಬಿಟ್ಟ ಮೀನಿನವಳನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಕಾಲು ಇನ್ನು ಬಿಜೂರಿನ ಗುಡ್ಡ ಹತ್ತುವುದಿಲ್ಲ. ಈಗಾಗಲೇ ಸ್ಕೂಟರಿನಲ್ಲಿ ಐಸ್ ಪೆಟ್ಟಿಗೆ ಕಟ್ಟಿಕೊಂಡವರು ಅಲ್ಲಿ ಹಾರ್ನ್ ಹೊಡೆಯುತ್ತಿದ್ದಾರೆ. ಇನ್ನು ಸ್ವಲ್ಪ ದಿನ ಯಾರೂ ಹೋಗದಿದ್ದರೆ ಆ ಮನೆಗಳು ಯಾರದ್ದೂ ಅಲ್ಲ.

"ಬಿಜೂರಿನ ಮನೆ ಇನ್ ನೀನ್ ಮಾಡ್," ಸುಮಿತ್ರಳಿಗೆ ಹೇಳಿದೆ.

ಗುಲಾಬಿಯ ಬಾಯಿ ಕಟ್ಟಿತು. ಅದನ್ನು ನೋಡಿಯೇ ನನ್ನ ಅರ್ಧ ಕಾಯಿಲೆ ಇಳಿಯಿತು.

ಸಂಜೆ ಲಲಿತ ಗೇರುಬೀಜದ ಫ್ಯಾಕ್ಟರಿಯಿಂದ ಬಂದಳು. ದಾರಿಯಲ್ಲೇ ಸುದ್ದಿ ಸಿಕ್ಕಿತ್ತು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಯಾರನ್ನ್ ಕೇಂಡ್ ಕೊಟ್ಟದ್ ನೀನ್?"

"ನನ್ನ್ ಮನೆ ಕೊಡುಕೆ ಯಾರನ್ನ್ ಕೇಣ್ಕ್?"

"ಬೆಂಡೋಲೆ ಕೊಟ್ಟದ್ದೂ ಹಾಂಗೇ ಅಲ್ದಾ?"

"ಅದ್ ಬೇರೆ. ನೀನ್ ಬುಟ್ಟಿ ಹೊರ್ತ್ಯಾ, ಹೇಳ್."

"ನಾನ್ ಎಂತಕ್ ಹೊರುದ್? ಆದ್ರೆ ಗುಲಾಬಕ್ಕನ ಮನೆಗ್ ಹೋಪುಕಾಗ."

ತಾನು ತಿನ್ನುವುದಿಲ್ಲ, ಅವರೂ ತಿನ್ನಬಾರದು. ಈ ಬುದ್ಧಿಗೆ ಸ್ಕ್ಯಾನ್ ಇಲ್ಲ. ಲಲಿತ ಮೊಬೈಲ್ ತೆಗೆದು ಗುಲಾಬಿಗೆ ಫೋನ್ ಮಾಡಿದಳು. "ಅಮ್ಮಂಗ್ ತಲೆ ಸಮ ಇಲ್ಲೆ, ಗುಲಾಬಕ್ಕ. ಅವ್ಳ್ ಹೇಳಿದ್ದ್ ಲೆಕ್ಕಕ್ ಹಿಡಿಬೇಡಿ."

ನಾನು ಎದುರಿಗೇ ಕೂತಿದ್ದೆ.

ಕೈ ಬಿದ್ದ ದಿನ ಕೂಡ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಕಡಲ ಬದಿಯಲ್ಲಿ ನಮ್ಮ ವ್ಯವಹಾರವೆಲ್ಲ ಬಾಯಿಮಾತಿನದ್ದು. ಆ ಬಾಯಿಮಾತೂ ನಡೆಯದಿದ್ದರೆ ಉಸಿರಾಡುವ ಹೆಣ ಆಗಿ ಮೂಲೆಯಲ್ಲಿ ಕೂರಬೇಕಷ್ಟೇ. ಆದರೂ ಒಳಗೊಂದು ಮುಳ್ಳು. ಕಾಯಿಲೆಗೆ ಮೊದಲಿನ ನಾನು ಗುಲಾಬಿಯ ಮನೆಯವರಿಗೆ ಬಿಜೂರು ಕೊಡುತ್ತಿದ್ದೆನೇ? ಖಂಡಿತ ಇಲ್ಲ. ಹಾಗಾದರೆ ಕೊಟ್ಟವಳು ನಾನೋ, ಸವೆದ ಮೆದುಳೋ? ದಿನವೂ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಉತ್ತರ ಸಿಗಲಿಲ್ಲ. ಮನಸ್ಸು ಬದಲಾಗಲೂ ಇಲ್ಲ.

ಮುಂದಿನ ಚೆಕಪ್‌ನಲ್ಲಿ ಡಾಕ್ಟರು ಕೆಲವು ಮುಖಗಳ ಫೋಟೋ ತೋರಿಸಿ, ಯಾರನ್ನು ನಂಬುತ್ತೀರಿ ಎಂದು ಕೇಳಿದರು. ನಗುವವರನ್ನೆಲ್ಲ ಆರಿಸಿದೆ. ಲಲಿತ ಗೆದ್ದವಳ ಹಾಗೆ ಕುರ್ಚಿಯಲ್ಲಿ ಹಿಂದೆ ಒರಗಿದಳು. ನಾನು ಬಿಜೂರಿನ ಕತೆ ಪೂರ್ತಿ ಹೇಳಿದೆ. ಗುಲಾಬಿ ನಗಲಿಲ್ಲ, ಸುಮಿತ್ರಳೂ ನಗಲಿಲ್ಲ ಎಂಬುದನ್ನು ಒತ್ತಿ ಹೇಳಿದೆ.

"ಬೆಂಡೋಲೆ ಕೊಟ್ಟ ಮರುದಿನ ಏನನ್ನಿಸಿತು ಅಜ್ಜಿ?" ಡಾಕ್ಟರು ಕೇಳಿದರು.

"ಅಂವ ಸಿಕ್ರೆ ಬಂಗುಡೆ ಕೊಯ್ದ್ ಹಾಂಗೆ ಕೊಯ್ಕ್ ಅನ್ಸಿತ್."

"ಮನೆಗಳನ್ನು ಕೊಟ್ಟ ಮರುದಿನ?"

"ಎಂತದೂ ಇಲ್ಲೆ. ಇವತ್ತೂ ಕೊಡ್ತೆ."

ಅವರು ಫೋಟೋಗಳನ್ನು ಎತ್ತಿಟ್ಟರು. "ಮನೆ ಕೊಟ್ಟದ್ದು ನೀವೋ ಕಾಯಿಲೆಯೋ ಎಂದು ಸ್ಕ್ಯಾನ್ ನೋಡಿ ನಾನು ಹೇಳಲಾರೆ. ಚಿನ್ನ, ಹಣದ ವಿಷಯಕ್ಕೆ ಮಗಳನ್ನು ಕೇಳಿ. ಮನೆಗಳ ವಿಷಯವನ್ನು ನೀವು ಕಾರಣ ಕೊಟ್ಟು ಹೇಳುತ್ತಿದ್ದೀರಿ, ಇಷ್ಟು ದಿನ ಕಳೆದರೂ ಅದೇ ಹೇಳುತ್ತಿದ್ದೀರಿ. ಬೇಡ ಎನ್ನಲು ನನ್ನ ಹತ್ತಿರ ಏನೂ ಇಲ್ಲ."

ದಾರಿಯುದ್ದಕ್ಕೂ ಲಲಿತ ಬಸ್ಸಿನ ಕಿಟಕಿ ನೋಡುತ್ತ ಕೂತಳು. ಒಳ್ಳೆಯದೇ ಆಯಿತು. ಚಿನ್ನದ ಮಟ್ಟಿಗೆ ನನ್ನನ್ನು ಕಾಯಲು ಒಬ್ಬಳು ಬೇಕು, ಅವಳು ಇದ್ದಾಳೆ. ಅಷ್ಟನ್ನು ಒಪ್ಪುತ್ತೇನೆ. ಅದಕ್ಕಿಂತ ಆಚೆಗೆ ಇಲ್ಲ.

ಮರುದಿನ ಬೆಳಿಗ್ಗೆ ಆಟೋ ಮಾಡಿ ಗುಲಾಬಿಯ ಮನೆಗೆ ಹೋದೆ. ಗುಲಾಬಿಯನ್ನು ಮಾತಾಡಿಸಲಿಲ್ಲ. ಸುಮಿತ್ರಳನ್ನೂ ಬುಟ್ಟಿಯನ್ನೂ ಹತ್ತಿಸಿಕೊಂಡು ಬಿಜೂರಿಗೆ ಹೋದೆ. ಮನೆ ಬಿಟ್ಟುಕೊಡುವುದಕ್ಕೆ ನಮ್ಮಲ್ಲಿ ಒಂದು ಕ್ರಮ ಇದೆ. ಹಳಬಳು ಪ್ರತಿ ಮನೆಯ ಅಂಗಳದಲ್ಲಿ ಹೊಸಬಳ ತಲೆಯಿಂದ ಬುಟ್ಟಿಯನ್ನು ತನ್ನ ಕೈಯಲ್ಲೇ ಇಳಿಸಬೇಕು. ಆಮೇಲೆ ಯಾರು ಫೋನ್ ಮಾಡಿ ಏನು ಹೇಳಿದರೂ ಅದು ನಡೆಯುವುದಿಲ್ಲ.

ಮೊದಲ ಮನೆಯ ಶೆಡ್ತಿಯಮ್ಮ ಹೊರಗೆ ಬಂದು ನಮ್ಮಿಬ್ಬರನ್ನು ನೋಡಿದರು.

"ಇವ್ಳ್ ಗುಲಾಬಿ ಸೊಸೆ ಅಲ್ದಾ? ನಿಮ್ಗೂ ಅವ್ರಿಗೂ ಮಾತೇ ಇಲ್ಲೆ ಅಲ್ದಾ?"

"ಈಗ್ಳೂ ಇಲ್ಲೆ," ಅಂದೆ. "ಪಾತ್ರೆ ತನ್ನಿ."

ಎರಡೂ ಕೈ ಎತ್ತಿ ಸುಮಿತ್ರಳ ತಲೆಯಿಂದ ಬುಟ್ಟಿ ಇಳಿಸಿದೆ.