ಬೈಯದ ಸೊಸೆ

ನಮ್ಮ ಕಡೆ ಒಳ್ಳೆ ಬಾಣಂತಿ ಅಂದ್ರೆ ಕಿವಿಗೆ ಹತ್ತಿ ಇಟ್ಕೊಂಡು, ತಲೆಗೆ ಬಟ್ಟೆ ಕಟ್ಕೊಂಡು, ಕತ್ತಲೆ ಕೋಣೇಲಿ ಸುಮ್ನೆ ಮಲಗಿರೋಳು. ನಾನೂ ಹಂಗೇ ಮಲಗಿದ್ದೆ. ತುರುವೇಕೆರೆ ಹತ್ರದ ನನ್ನ ತವರಿಗೆ ಮಗು ನೋಡೋಕೆ ಬಂದ ಹೆಂಗಸರೆಲ್ಲ, 'ಎಷ್ಟು ಅಚ್ಚುಕಟ್ಟು ಕಣೇ ನಿನ್ನ ಮಗಳು, ಹೊಸ್ತಿಲೇ ದಾಟಲ್ವಲ್ಲ' ಅಂತ ಅಮ್ಮನ ಹತ್ರ ಹೊಗಳಿ ಹೋಗೋರು. ಅಮ್ಮಂಗೂ ಹೆಮ್ಮೆ. ಅಯ್ಯೋ ಶಿವನೇ, ಒಳಗೆ ನಾನು ಮಗು ಅತ್ತರೂ ಕೈ ಚಾಚಲಾರದೆ ಗೋಡೆ ನೋಡ್ತಿದ್ದೆ. ನಾನು ಸತ್ತರೆ ಈ ಮಗೂಗಾದ್ರೂ ಒಳ್ಳೇದಾಗುತ್ತೆ ಅಂತ ನಿಜವಾಗ್ಲೂ ನಂಬಿದ್ದೆ.

ಅದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು, ನಂಬ್ತೀರೋ ಇಲ್ವೋ, ನನ್ನ ಅತ್ತೆಗೆ.

ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಸಾರಿನ ಉಪ್ಪಿಗೂ ಜಗಳ, ಸೀರೆ ಒಣಹಾಕೋದಕ್ಕೂ ಜಗಳ. ಅವರು ಒಂದಂದ್ರೆ ನಾನು ಹತ್ತು ಅನ್ನೋಳು. ಒಂದಿನ ತಮ್ಮೂರು ಬಿಳಿಗೆರೆಯಿಂದ ಕೊಬ್ಬರಿ, ತುಪ್ಪ ಹೊತ್ಕೊಂಡು ಬಂದೋರೇ ಶುರು ಮಾಡಿದ್ರು: 'ಮಗೂನ ಹಿಂಗಾ ಮಲಗ್ಸೋದು? ನಿಮ್ಮಮ್ಮ ಏನೂ ಕಲಿಸ್ಲೇ ಇಲ್ವಾ?'

ತವರಿನ ಮಾತೆತ್ತಿದ್ರೆ ಮನೆ ಹಾರಿಹೋಗೋ ಹಾಗೆ ಕೂಗಾಡೋ ನಾನು, 'ಹೂಂ' ಅಂದೆ, ಅಷ್ಟೇ.

ಅತ್ತೆ ನನ್ನ ಮುಖಾನೇ ನೋಡಿದ್ರು. ಆಚೆ ಹೋಗಿ ಅಮ್ಮಂಗೆ ಹೇಳಿದ್ದು ಕೇಳಿಸ್ತು: 'ಬೀಗ್ರೇ, ಇವಳು ನನ್ನ ಬೈಲಿಲ್ಲ. ಏನೋ ಆಗೈತೆ ಕಣ್ರೀ. ಡಾಕ್ಟ್ರಿಗೆ ತೋರ್ಸಾನ.'

'ಹಸಿ ಬಾಣಂತಿ, ಶೀತಗಾಳಿ ಹೊಡೆದ್ರೆ?' ಅಂದ್ರು ಅಮ್ಮ.

'ಹೊಡೀಲಿ ಬುಡ್ರಿ. ಶೀತಕ್ಕೆ ಕಷಾಯ ಐತೆ.'

ಮಗೂನ ಅಮ್ಮನ ಹತ್ರ ಬಿಟ್ಟು, ಬಾಡಿಗೆ ಕಾರು ಮಾಡ್ಕೊಂಡು, ನನ್ನ ತಿಪಟೂರಿಗೆ ಕರ್ಕೊಂಡು ಹೋದ್ರು. ಡಾಕ್ಟರಮ್ಮ ಮೆಲ್ಲಗೆ, 'ಸಾಯ್ಬೇಕು ಅನ್ಸುತ್ತಾ?' ಅಂತ ಕೇಳಿದ್ರು. ಅತ್ತೆ ಪಕ್ಕದಲ್ಲೇ ಕೂತಿದ್ರು. 'ಅನ್ಸುತ್ತೆ' ಅಂದೆ. ಅತ್ತೆ ನನ್ನ ಕೈ ಹಿಡ್ಕೊಂಡ್ರು, ಬಿಡಲೇ ಇಲ್ಲ. ಇದು ಹೆರಿಗೆ ಆದ ಮೇಲೆ ಬರೋ ಕಾಯಿಲೆ, ವಾಸಿಯಾಗುತ್ತೆ, ಆದ್ರೆ ಇವರನ್ನ ಒಂಟಿಯಾಗಿ ಬಿಡಬಾರದು ಅಂತ ಹೇಳಿ, ಡಾಕ್ಟರಮ್ಮ ಮಾತ್ರೆ ಬರೆದ್ರು. ಮಗು ನೋಡ್ಕೊಳ್ಳೋಕೆ ನೀವಿರ್ತೀರಾ ಅಂತ ಅತ್ತೇನ ಕೇಳಿದ್ರು.

'ಮಗೂಗೆ ಎಲ್ಲಾರೂ ಅವ್ರೆ ಡಾಕ್ಟ್ರೇ,' ಅಂದ್ರು ಅತ್ತೆ. 'ನಾನು ಇರೋದು ಇವಳಿಗೆ.'

ಬೀಗರ ಮನೇಲಿ ನೀರು ಕುಡಿಯೋಕೂ ಬಿಂಕ ಮಾಡೋ ಹೆಂಗಸು! ಅವತ್ತಿಂದ ನನ್ನ ತವರಲ್ಲೇ, ನನ್ನ ಪಕ್ಕದಲ್ಲೇ ಚಾಪೆ ಹಾಸ್ಕೊಂಡ್ರು. ಮಗು ಅತ್ತರೆ ಅಮ್ಮನಿಗಿಂತ ಮೊದಲು ಏಳೋರು. ನಾನು ಸರಿಹೋಗೋಕೆ ತಿಂಗಳುಗಳೇ ಬೇಕಾದ್ವು. ಒಂದು ಬೆಳಿಗ್ಗೆ ಮಗು ಅತ್ತಾಗ ನಾನೇ ಎದ್ದು ಎತ್ಕೊಂಡೆ. ತಿರುಗಿ ನೋಡಿದ್ರೆ, ಎಚ್ಚರ ಇದ್ದ ಅತ್ತೆ ಕಣ್ಣು ಬಿಗಿಯಾಗಿ ಮುಚ್ಕೊಂಡು ನಿದ್ದೆ ಬಂದೋರ ಹಾಗೆ ಮಲಗಿದ್ರು.