ರೇಸ್ ಪುಟ ಜೋರಾಗಿ ಓದಿದ್ದು

ವಿಜಯವಾಡದ ಬ್ಯಾಂಕಿನಲ್ಲಿದ್ದಾಗ ಒಮ್ಮೆ ಕನ್ನಡಿಗ ಸಹೋದ್ಯೋಗಿಯೊಬ್ಬರ ಜೊತೆ ವಿಶಾಖಪಟ್ಟಣದ ರೈಲು ಹತ್ತಿದ್ದೆ. ಕೈಯಲ್ಲಿದ್ದ ಪೇಪರಿನ ಕುದುರೆ ರೇಸ್ ಪುಟದಲ್ಲಿ, ಸದಾ ಸೋಲುವ ಜಾಕಿಯೊಬ್ಬನನ್ನು ಅರ್ಧ ಪುಟ ಬೈದಿದ್ದರು. ಅವನ ಹೆಸರನ್ನು ಜೋರಾಗಿ ಓದಿ, "ಇವನು ಕುದುರೆ ಬಿಟ್ಟು ಎಮ್ಮೆ ಹತ್ತಲಿ" ಎಂದೆ. ಕನ್ನಡ ಅಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ.

ಎದುರಿಗಿದ್ದ ವಯಸ್ಸಾದ ಹೆಂಗಸು ಅಚ್ಚ ಕನ್ನಡದಲ್ಲಿ, "ಅವನು ನನ್ನ ಅಳಿಯ ಕಣಪ್ಪಾ" ಎಂದರು.

"ತಪ್ಪಾಯ್ತಮ್ಮಾ. ಈ ಪೇಪರಿನವರು ಏನೇನೋ ಬರೀತಾರೆ" ಎಂದು ತಡವರಿಸಿದೆ.

"ಏನು ಬರೆದಿದ್ದಾರೆ, ಕಡಿಮೇನೇ ಬರೆದಿದ್ದಾರೆ! ಬ್ಯಾಂಕಿನ ಹುಡುಗನಿಗೆ ಕೊಡೋಣ ಅಂದೆ, ಮಗಳು ಕೇಳಲಿಲ್ಲ. ಆ ಹಾಳೆ ಹರಿದು ಕೊಡಪ್ಪಾ, ಅವಳಿಗೆ ತೋರಿಸಬೇಕು."

ಕೊಟ್ಟೆ. ದಾರಿಯುದ್ದಕ್ಕೂ ಆಕೆ ಅಳಿಯನನ್ನು ಬೈದದ್ದು ಕೇಳಿ, ಇಳಿಯುವ ಹೊತ್ತಿಗೆ ನಾನು ಅವನ ಪಕ್ಷ ಸೇರಿದ್ದೆ. ಇಂಥ ಅತ್ತೆ ಕಾದಿರುವ ಮನೆಗೆ ಬೇಗ ಮರಳಲು ಯಾವ ಜಾಕಿ ತಾನೇ ಕುದುರೆ ಓಡಿಸಿಯಾನು!