ಗಿಣ್ಣು ತಿನ್ನುತ್ತಿದ್ದ ವೀರಗಲ್ಲು

ಆಗೆಲ್ಲ ನಾವು ಕೊಡಿಗೇಹಳ್ಳಿಯವರು ಕಬ್ಬನ್ ಪಾರ್ಕಿಗೆ ಹೋಗಿ ಬಂದರೂ ‘ಬೆಂಗಳೂರಿಗೆ ಹೋಗಿದ್ವಿ’ ಅನ್ನುತ್ತಿದ್ದೆವು. ಐದನೇ ಕ್ಲಾಸಿನಲ್ಲಿ ನಮ್ಮ ಮಿಸ್ ಎಲ್ಲರನ್ನೂ ಮ್ಯೂಸಿಯಂ ತೋರಿಸಲು ಕರೆದುಕೊಂಡು ಹೊರಟರು. ಅಜ್ಜಿ ಡಬ್ಬಿಗೆ ಚಿತ್ರಾನ್ನ ತುಂಬಿ, ಹುರಿದ ಅವರೆಕಾಳನ್ನು ಪೇಪರಿನಲ್ಲಿ ಕಟ್ಟಿಕೊಟ್ಟಳು. ಬಸ್ಸು ಹೆಬ್ಬಾಳ ದಾಟುವಷ್ಟರಲ್ಲಿ ಅವರೆಕಾಳು ಖಾಲಿಯಾಗಿತ್ತು.

ಮ್ಯೂಸಿಯಂ ಒಳಗೆ ತಣ್ಣನೆಯ ನೆಲ, ಮುಚ್ಚಿಟ್ಟ ಪೆಟ್ಟಿಗೆಯ ವಾಸನೆ. ಗಾಜಿನ ಹಿಂದೆ ಮಡಕೆಚೂರು ನೋಡಿ, ಇಂಥವು ನಮ್ಮ ತಿಪ್ಪೆಯಲ್ಲೂ ಸಿಗುತ್ತವೆ ಎಂದು ನಕ್ಕು ಬೈಸಿಕೊಂಡೆವು. ಆಮೇಲೆ ಒಂದು ಕಲ್ಲಿನ ಮುಂದೆ ನಾನು ನಿಂತೇಬಿಟ್ಟೆ. ಕತ್ತಿ ಹಿಡಿದ ಗಂಡಸು, ಕಾಲ ಬಳಿ ದನಗಳು, ಮೇಲೆ ಸಾಲುಸಾಲು ಹಳೆಯ ಅಕ್ಷರ. ಊರಿನ ದನ ಕಾಯಲು ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ವೀರಗಲ್ಲು ಇದು ಎಂದರು ಮಿಸ್.

ಅಯ್ಯೋ, ಇಂಥದ್ದೇ ಕಲ್ಲು ನಮ್ಮ ಹಿತ್ತಲಿನ ನುಗ್ಗೆಮರದ ಕೆಳಗೂ ಇತ್ತಲ್ಲ! ಅಜ್ಜಿ ಅವನನ್ನು ಈರಣ್ಣ ಅನ್ನುತ್ತಿದ್ದಳು. ಸೋಮವಾರ ನೀರು ಹಾಕಿ ಕುಂಕುಮ ಇಡುತ್ತಿದ್ದಳು. ಹಸು ಕರು ಹಾಕಿದರೆ ಗಿಣ್ಣಿನ ಮೊದಲ ತುಂಡು ಈರಣ್ಣನಿಗೆ; ಏಲಕ್ಕಿ ಘಮಕ್ಕೆ ನಾವು ಬಾಯಲ್ಲಿ ನೀರೂರಿಸಿಕೊಂಡು ಕಾಯಬೇಕಿತ್ತು. ದನ ಕಾದವನಿಗೇ ಮೊದಲ ಹಾಲು ಸಲ್ಲುತ್ತಿತ್ತು ಅನ್ನುವುದು ನನಗೆ ಹೊಳೆದಿದ್ದು ಅವತ್ತೇ. ಮಿಸ್‌ಗೆ ಹೇಳಿದೆ. ಮನೆಯಲ್ಲಿ ತಿಳಿಸು, ಸರ್ಕಾರದವರು ಬಂದು ನೋಡುತ್ತಾರೆ ಎಂದರು. ಜಂಬಕ್ಕೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಗ ನಮ್ಮಪ್ಪ ಹಿತ್ತಲಲ್ಲಿ ಬಾಡಿಗೆ ಮನೆ ಕಟ್ಟಿಸಲು ಪಾಯ ತೆಗೆಸಿದ್ದ. ಈರಣ್ಣನನ್ನು ಮೂಲೆಗೆ ಸರಿಸಿ ಪುಟ್ಟ ಗುಡಿ ಕಟ್ಟಿಸುತ್ತೇನೆಂದು ಅಜ್ಜಿಗೆ ಮಾತೂ ಕೊಟ್ಟಿದ್ದ. ನಾನು ಮನೆಗೆ ಬಂದವಳೇ ಬ್ಯಾಗು ಸಹ ಇಳಿಸದೆ ಒದರಿದೆ: “ಅಪ್ಪಾ, ನಮ್ ಈರಣ್ಣ ಮ್ಯೂಸಿಯಂ ಕಲ್ಲಂತೆ! ಸರ್ಕಾರದವ್ರು ನೋಡಕ್ಕೆ ಬರ್ತಾರಂತೆ.”

ಅಪ್ಪನ ಮುಖ ಬಿಳಿಚಿಕೊಂಡಿತು. ಹಳೇ ಕಲ್ಲು ಸಿಕ್ಕಿದರೆ ಸರ್ಕಾರ ಜಾಗವನ್ನೇ ಕಿತ್ತುಕೊಳ್ಳುತ್ತದೆ ಎಂಬ ಭಯ ನಮ್ಮ ಕಡೆ ಎಲ್ಲರಿಗೂ ಇತ್ತು. ಯಾರಿಗೆ ಹೇಳಿದೆ ಎಂದು ಮೆಲ್ಲಗೆ ಕೇಳಿದ. ಮಿಸ್‌ಗೆ ಎಂದೆ. ಅಂಗಿ ಹಾಕಿಕೊಂಡು ಮೇಸ್ತ್ರಿ ಮನೆಗೆ ಹೊರಟ.

ಮಾರನೆಯ ದಿನ ಸ್ಕೂಲಿನಿಂದ ಬಂದಾಗ ನುಗ್ಗೆಮರದ ಬುಡದಲ್ಲಿ ಹಸಿ ಕೆಮ್ಮಣ್ಣಿನ ಗುಂಡಿ ಇತ್ತು. ಮೇಸ್ತ್ರಿ ಕಲ್ಲನ್ನು ಒಡೆದು ಪಾಯಕ್ಕೆ ಹಾಕಿ, ಮೇಲೆ ಗಾರೆ ಸುರಿದು ಹೋಗಿದ್ದ. ಅಜ್ಜಿ ಪಾಯದ ಅಂಚಿನಲ್ಲಿ ಕೂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

“ಇಷ್ಟು ವರ್ಸ ಅವ್ನ ಪಾಡಿಗೆ ಅವ್ನಿದ್ದ ಕಣ್ ಮಗಾ. ನೀನ್ಯಾಕೆ ಯೋಳಕ್ಕೋದೆ?”

ಮುಂದಿನ ಸಲ ಹಸು ಕರು ಹಾಕಿದಾಗ ಅಜ್ಜಿ ಗಿಣ್ಣೇನೋ ಮಾಡಿದಳು. ಮೊದಲ ತುಂಡನ್ನು ಎಲ್ಲಿಡುವುದೆಂದು ತಿಳಿಯದೆ ಬಟ್ಟಲು ಹಿಡಿದು ಹಿತ್ತಲ ಬಾಗಿಲಲ್ಲಿ ತುಂಬಾ ಹೊತ್ತು ನಿಂತಿದ್ದಳು.

ಈಗ ಅಜ್ಜಿ ಇಲ್ಲ, ಅಪ್ಪ ಇಲ್ಲ. ಹಿತ್ತಲ ತುಂಬ ಬಾಡಿಗೆ ಮನೆಗಳು, ಹಾಲು ಪ್ಯಾಕೆಟ್ಟಿನದು. ಜಾಗವನ್ನು ಯಾರೂ ಕಿತ್ತುಕೊಳ್ಳುತ್ತಿರಲಿಲ್ಲ ಎಂದು ದೊಡ್ಡವಳಾದ ಮೇಲೆ ತಿಳಿದು, ಸುಮ್ಮಸುಮ್ಮನೆ ಈರಣ್ಣನನ್ನು ಒಡೆಸಿದ ನನ್ನ ಬಾಯಿಯ ಮೇಲೆ ನನಗೇ ಸಿಟ್ಟು ಬಂತು.

ಮೊನ್ನೆ ಹಳೇ ಶಾಸನ ಹುಡುಕುತ್ತ ಇಬ್ಬರು ಕಾಲೇಜು ಹುಡುಗಿಯರು ಬಂದಿದ್ದರು. ಮುಚ್ಚಿಡದೆ ಎಲ್ಲ ಹೇಳಿ, ಆ ಪಾಯದ ಮೇಲೆ ಎದ್ದ ಗೋಡೆ ತೋರಿಸಿದೆ. ಫೋಟೋ ಇದೆಯಾ ಎಂದು ಕೇಳಿದರು. ಇರಲಿಲ್ಲ. ಒಬ್ಬಳು ಗೋಡೆ ಮುಟ್ಟಿ ಕೇಳಿದಳು: “ಅವನ ನಿಜವಾದ ಹೆಸರೇನು ಆಂಟಿ? ಕಲ್ಲಲ್ಲಿ ಬರ್ದಿರ್ತಾರೆ.”

ನಮ್ಮ ಮನೆಯಲ್ಲಿ ಅದನ್ನು ಯಾರೂ ಓದಿರಲಿಲ್ಲ. ಗೊತ್ತಿಲ್ಲಮ್ಮ ಎಂದೆ.